ಹನ್ನೆರಡನೆಯ ಪಾಸಿಂಗ್

ಬೈಕು ಬಂದ ದಿನ ನಾನು ಗಂಡನ ಜೊತೆ ಮಾತು ಬಿಟ್ಟೆ. ಒಂಬತ್ತು ದಿನ. "ಕಾನ್ವೆಂಟಿನಲ್ಲಿ ಕಲಿತವಳಲ್ವಾ, ಸಿಟ್ಟನ್ನು ಕೂಡ ಒಂಬತ್ತು ದಿನದ ನೊವೆನಾ ಪ್ರಾರ್ಥನೆಯ ಲೆಕ್ಕದಲ್ಲೇ ಮಾಡ್ತಾಳೆ" ಎಂದು ಇವರು ದುಬೈಯಲ್ಲಿದ್ದ ಮಗಳಿಗೆ ಫೋನಿನಲ್ಲಿ ಹೇಳಿ ನಗಾಡಿದ್ದು ಅಡಿಗೆಮನೆಯಲ್ಲಿದ್ದ ನನಗೆ ಕೇಳಿಸಿತ್ತು. ನಗುವ ವಿಷಯವಾ ಅದು? ಅರುವತ್ತು ತುಂಬಿದ ಗಂಡಸು. ಅಬುಧಾಬಿಯ ಅಲ್ ಮೀನಾ ಬಂದರಿನಲ್ಲಿ ಹಡಗಿನ ಸಾಮಾನುಗಳ ಸ್ಟೋರ್ ನೋಡಿಕೊಂಡು, ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು, ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ಮೂವತ್ತು ವರ್ಷ ಕೆಲಸಕ್ಕೆ ಹೋಗಿ ಬಂದವರು. ಅಂಥವರು ಒಂದು ಗುರುವಾರ ಸಂಜೆ ಹಮ್ದಾನ್ ಸ್ಟ್ರೀಟಿನ ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಕೆಂಪು ಸ್ಪೋರ್ಟ್ಸ್ ಬೈಕು ತಂದು ನಿಲ್ಲಿಸಿ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು, "ಆರುನೂರು ಸಿಸಿ" ಎಂದರು. ಹೆರಿಗೆ ವಾರ್ಡಿನ ಹೊರಗೆ ನಿಂತವರು ಮಗುವಿನ ತೂಕ ಹೇಳುವ ಹಾಗೆ ಹೇಳಿದರು. ನಾನು ಆಸ್ಪತ್ರೆಯ ರೆಕಾರ್ಡ್ಸ್ ಸೆಕ್ಷನ್ನಿನಲ್ಲಿ ಇಪ್ಪತ್ತಾರು ವರ್ಷ ಫೈಲು ಜೋಡಿಸಿದವಳು. ಬೈಕಿನಿಂದ ಬಿದ್ದವರ ಫೈಲು ಎಷ್ಟು ದಪ್ಪ ಇರುತ್ತದೆ ಎಂದು ನನಗೆ ಗೊತ್ತು.

ಹೊಸದೂ ಅಲ್ಲ ಅದು. ಬಂದರಿನಲ್ಲಿ ಕೆಲಸಕ್ಕೆ ಬಂದಿದ್ದ ಒಬ್ಬ ಬಿಳಿಯ ಇಂಜಿನಿಯರ್ ಆರು ವರ್ಷ ಓಡಿಸಿ, ಕಾಂಟ್ರ್ಯಾಕ್ಟ್ ಮುಗಿದು ಊರಿಗೆ ಹೊರಡುವಾಗ ಬಿಟ್ಟುಹೋದದ್ದು. ಕಡಜದ ಹಾಗೆ ತಲೆ ತಗ್ಗಿಸಿ ಹಿಂಭಾಗ ಎತ್ತಿಕೊಂಡಿತ್ತು. ಸ್ಟಾರ್ಟ್ ಮಾಡಿದರೆ ಎರಡನೇ ಮಾಳಿಗೆಯ ಪಾರಿವಾಳಗಳೆಲ್ಲ ಎದ್ದು ಹೋಗುತ್ತಿದ್ದವು.

ಹತ್ತನೆಯ ದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಇವರೇ ಮಾತು ತೆಗೆದರು.

"ನೋಡು ಮದರ್ ಸುಪೀರಿಯರ್, ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ. ಸರಕಾರದ ಮೇಲೆ ಉಂಟಲ್ಲ?"

ನಾನು ಇವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ.

"ವರ್ಷ ವರ್ಷ ಇದಕ್ಕೆ ಎಕ್ಸಾಮ್ ಉಂಟು. ಅವರು ಫಿಟ್ ಅಂದರೆ ಮಾತ್ರ ರೋಡಿಗೆ. ಯಾವ ವರ್ಷ ಫೇಲ್ ಅಂತಾರೋ ಆ ವರ್ಷವೇ ಮಾರಿಬಿಡ್ತೇನೆ. ರಿಪೇರಿ ಮಾಡಿಸಿ ಎರಡನೇ ಸಲ ಕೊಂಡುಹೋಗುವುದಿಲ್ಲ. ಒಂದೇ ಚಾನ್ಸ್."

"ಪ್ರಾಮಿಸ್?"

"ಪ್ರಾಮಿಸ್. ಆದರೆ ಪಾಸಾಗುವಷ್ಟು ವರ್ಷ ನೀನು ಬಾಯಿ ತೆರೆಯಬಾರದು."

ಒಪ್ಪಿಕೊಂಡೆ. ನನಗೆ ಎಕ್ಸಾಮ್ ಎಂದರೆ ಭಯಭಕ್ತಿ. ನಮ್ಮ ಶಾಲೆಯಲ್ಲಿ ಸಿಸ್ಟರುಗಳು ಫೇಲಾದವರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು ಚಾಪೆಲಿನ ಪಕ್ಕದ ಬೋರ್ಡಿಗೆ ಹಚ್ಚುತ್ತಿದ್ದರು. ಆರು ವರ್ಷದ ಹಳೇ ಬೈಕು, ಮೊದಲ ಸಲಕ್ಕೇ ಉದುರಿಬೀಳುತ್ತದೆ ಎಂದು ನನಗೆ ಖಾತ್ರಿ ಇತ್ತು.

ಇಲ್ಲಿ ಗಾಡಿ ಇಟ್ಟುಕೊಂಡವರಿಗೆ ಇದು ಹೊಸತಲ್ಲ. ವರ್ಷಕ್ಕೊಮ್ಮೆ ಟೆಸ್ಟಿಂಗ್ ಸೆಂಟರಿಗೆ ಒಯ್ಯಬೇಕು. ಬ್ರೇಕು, ಲೈಟು, ಹಾರ್ನು, ಟಯರು ಎಲ್ಲ ನೋಡಿ ಅವರು ಸರಿ ಎಂದರೆ ಮುಲ್ಕಿಯಾ ಇನ್ನೊಂದು ವರ್ಷಕ್ಕೆ ಸಿಗುತ್ತದೆ. ರಿಜಿಸ್ಟ್ರೇಷನ್ ಕಾರ್ಡಿಗೆ ಇಲ್ಲಿ ಹಾಗೇ ಹೇಳುವುದು. ಈ ಪರೀಕ್ಷೆಗೆ ನಮ್ಮವರ ಬಾಯಲ್ಲಿ ಪಾಸಿಂಗ್ ಎಂದು ಹೆಸರು. ಮೊದಲ ಪಾಸಿಂಗಿಗೆ ನಾನೂ ಹೋದೆ. ಗಾಜಿನ ಆಚೆ ಬೈಕು, ಈಚೆ ಸ್ಟೀಲ್ ಕುರ್ಚಿಯ ಮೇಲೆ ನಾನು, ವ್ಯಾನಿಟಿ ಬ್ಯಾಗಿನೊಳಗೆ ಕೈ ಹಾಕಿಕೊಂಡು ಜಪಮಾಲೆ ಎಣಿಸುತ್ತಾ. ಫೇಲಾಗಲಿ, ಫೇಲಾಗಲಿ. ಇನ್‌ಸ್ಪೆಕ್ಟರ್ ಟಾರ್ಚು ಹಿಡಿದು ಸುತ್ತ ಬಂದ. ಕೂತ, ಎದ್ದ, ಇವರ ನರೆತ ತಲೆ ನೋಡಿದ.

"ಅಂಕಲ್, ಇದನ್ನು ನೀವೇ ಓಡಿಸೋದಾ?" ಹಿಂದಿಯಲ್ಲಿ ಕೇಳಿದ.

"ಇಲ್ಲಪ್ಪ, ತಲೆ ಮೇಲೆ ಹೊತ್ತುಕೊಂಡು ಬಂದೆ," ಇವರು ಹಿಂದಿಯಲ್ಲೇ ಹೇಳಿದರು.

ಅವನು ನಗುತ್ತಾ ಪಾಸ್ ಎಂದು ಒತ್ತಿಬಿಟ್ಟ. ನನ್ನ ಜಪಮಾಲೆ ಒಂದು ಸುತ್ತೂ ಪೂರ್ತಿ ಆಗಿರಲಿಲ್ಲ.

ಇರುವುದೇ ಆದರೆ ದೇವರ ಹೆಸರಿನಲ್ಲಿ ಇರಲಿ ಎಂದು ಮುಂದಿನ ಶುಕ್ರವಾರ ಮಾಸ್ ಮುಗಿದ ಮೇಲೆ ಚರ್ಚಿನ ಪಾರ್ಕಿಂಗಿನಲ್ಲಿ ಫಾದರಿನಿಂದ ಆಶೀರ್ವಾದ ಮಾಡಿಸಿದೆ. ನಮ್ಮ ಕಡೆಯವರು ಸೈಕಲ್ ತೆಗೆದುಕೊಂಡರೂ ತೀರ್ಥ ಚಿಮುಕಿಸದೆ ಹತ್ತುವುದಿಲ್ಲ. ಕಾರಾದರೆ ಕನ್ನಡಿಗೆ ಜಪಮಾಲೆ ನೇತುಹಾಕಬಹುದು. ಬೈಕಿಗೆ ಎಲ್ಲಿ? ಹಾಗಾಗಿ ಪ್ರಯಾಣಿಕರನ್ನು ಕಾಯುವ ಸಂತನ ಒಂದು ಸಣ್ಣ ಮೆಡಲ್ ತಂದೆ, ಎಂಟಾಣೆಯಷ್ಟು ದೊಡ್ಡದು. ಹ್ಯಾಂಡಲಿನ ಕೆಳಗೆ ಬಲಬದಿಯಲ್ಲಿ, ಬೈಕಿಗೆ ಕತ್ತು ಅಂತ ಇದ್ದರೆ ಅದು ಎಂದು ಹೇಳಬಹುದಾದ ಕಬ್ಬಿಣದ ಮೇಲೆ, ಒಂದಿಷ್ಟು ಸಪಾಟು ಜಾಗ ಇತ್ತು. ಅಲ್ಲಿ ಅಂಟಿಸಿದೆ. ಅಲ್ಲಿ ಏನೋ ಅಕ್ಷರ, ನಂಬರು ಕೊರೆದದ್ದು ಕಂಡಿತ್ತು. ಕಂಪೆನಿಯವರದ್ದು ಇರಬೇಕು ಎಂದುಕೊಂಡೆ. ಇವರು ನೋಡಿದರು. ಏನೋ ಹೇಳಲು ಹೊರಟು, "ಚಂದ ಉಂಟು" ಎಂದರು.

ವರ್ಷಗಳು ಹೋದದ್ದು ಪಾಸಿಂಗಿನಿಂದ ಪಾಸಿಂಗಿಗೆ. ಬೇರೆ ಮನೆಗಳಲ್ಲಿ ಕ್ರಿಸ್ಮಸ್ ಬಂತು, ಮಕ್ಕಳ ರಜೆ ಬಂತು ಎಂದು ಲೆಕ್ಕ ಇಡುವ ಹಾಗೆ ನಮ್ಮಲ್ಲಿ "ಪಾಸಿಂಗ್ ಹತ್ತಿರ ಬಂತು" ಎಂದು. ಆ ಇಂಜಿನಿಯರ್ ಬೈಕಿಗೆ ಶೋಕಿಯ ಸಾಮಾನೆಲ್ಲ ಹಾಕಿಸಿದ್ದ. ದೊಡ್ಡ ಶಬ್ದದ ಸೈಲೆನ್ಸರು, ಅಕ್ಕಿಕಾಳಿನಂಥ ಇಂಡಿಕೇಟರು, ನಂಬರ್ ಪ್ಲೇಟು ಸೀಟಿನ ಕೆಳಗೆ ಎಲ್ಲೋ ಅಡಗಿದ್ದು. ಇಂಥವೆಲ್ಲ ಇದ್ದರೆ ಪಾಸಿಂಗ್ ಆಗುವುದಿಲ್ಲ. ಹಾಗಾಗಿ ಇವರು ಸ್ಕ್ರ್ಯಾಪ್ ಯಾರ್ಡಿನಿಂದ ಕಂಪೆನಿಯ ಒರಿಜಿನಲ್ ಸೈಲೆನ್ಸರು, ಆನೆಕಿವಿಯಂಥ ಇಂಡಿಕೇಟರು ಹುಡುಕಿ ತಂದು ಮಂಚದ ಕೆಳಗೆ ಇಟ್ಟಿದ್ದರು. ಟೆಸ್ಟಿನ ಹಿಂದಿನ ದಿನ ಸಂಜೆ ನನ್ನ ಹಳೇ ಬೆಡ್‌ಶೀಟು ಕೆಳಗೆ ಹಾಸಿ, ಶೋಕಿಯದ್ದು ಬಿಚ್ಚಿ, ಮರ್ಯಾದೆಯದ್ದು ಹಾಕುವುದು. ಪಾಸಾದ ಮರುದಿನ ಮರ್ಯಾದೆಯದ್ದು ಬಿಚ್ಚಿ ಶೋಕಿಯದ್ದು. "ಇದು ಚೀಟಿಂಗ್" ಎಂದೆ. "ನೀನು ಚರ್ಚಿಗೆ ಹೋಗುವಾಗ ತಲೆಗೆ ಸೆರಗು ಹಾಕಿಕೊಳ್ಳುವುದಿಲ್ವಾ? ಬಂದ ಮೇಲೆ ತೆಗೆಯುವುದಿಲ್ವಾ? ಹಾಗೆ" ಎಂದರು. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ, ಕೆಳಗೆ ಹೋಗುತ್ತಿರಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ನಾಲ್ಕನೇ ವರ್ಷ ನಾನೊಂದು ಪಾಪ ಮಾಡಿದೆ. ಇವರು ಮಧ್ಯಾಹ್ನ ಮಲಗಿದ್ದಾಗ ಕೆಳಗೆ ಹೋಗಿ ನಂಬರ್ ಪ್ಲೇಟಿನ ಮೇಲಿನ ಪುಟ್ಟ ಲೈಟಿನ ಬಲ್ಬು ತಿರುಗಿಸಿ ಸಡಿಲ ಮಾಡಿ ಬಂದೆ. ಮರುದಿನ ಬೈಕು ಪಾಸ್! ಇವರು ಊಟಕ್ಕೆ ಕೂತಾಗ, "ನಮ್ಮ ಬಿಲ್ಡಿಂಗಿನ ಇಲಿಗಳಿಗೆ ಸ್ಕ್ರೂಡ್ರೈವರ್ ಹಿಡಿಯಲು ಬರ್ತದೆ ಮಾರಾಯ್ತಿ" ಎಂದು ಮೀನಿನ ಮುಳ್ಳು ತೆಗೆಯುತ್ತಾ ಹೇಳಿದರು. ನಾನು ಸಾರು ಬಡಿಸುವ ನೆಪದಲ್ಲಿ ಎದ್ದುಹೋದೆ. ಕನ್ಫೆಷನ್ನಿನಲ್ಲಿ ಹೇಳಿದರೆ ಫಾದರ್ ಪರದೆಯ ಆಚೆ ಕೆಮ್ಮಿದ ಹಾಗೆ ಮಾಡಿದರು. ನಕ್ಕಿರಬೇಕು.

ಏಳನೇ ವರ್ಷ ಟಯರುಗಳಿಗೆ ವಯಸ್ಸಾಗಿದೆ ಎಂದು ಗೊತ್ತಾಗಿ ಪಾಸಿಂಗಿನ ಹಿಂದಿನ ದಿನ ಹೊಸತು ಹಾಕಿಸಿದರು; ಟಯರಿನ ಬದಿಯಲ್ಲಿ ಹುಟ್ಟಿದ ವಾರವೂ ವರ್ಷವೂ ಒತ್ತಿರುತ್ತದಂತೆ. ಒಂಬತ್ತನೇ ವರ್ಷದ ಹೊತ್ತಿಗೆ ಇಬ್ಬರಿಗೂ ರಿಟೈರ್ ಆಗಿ, ಮಗಳ ವೀಸಾದ ಮೇಲೆ ದುಬೈಗೆ ಬಂದು, ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಅವಳ ಫ್ಲ್ಯಾಟಿನಲ್ಲೇ ಇದ್ದೆವು. ಸಾಮಾನು ಕಡಿಮೆ ಮಾಡಬೇಕು ಎಂದು ನನ್ನ ಹೊಲಿಗೆ ಮಿಷನ್ನನ್ನೇ ಕೊಟ್ಟುಬಂದೆ. ಬೈಕು ಬಂತು. ಸೈಲೆನ್ಸರ್ ಇಲ್ಲಿಯೂ ಮಂಚದ ಕೆಳಗೆ ಬಂತು. ಇವರು ಓಡಿಸುತ್ತಿದ್ದದ್ದಾದರೂ ಎಷ್ಟು? ರಜೆಯ ದಿನ ಬೆಳಿಗ್ಗೆ ಒಂದು ಗಂಟೆ ಹೊತ್ತು, ಲಾರಿಗಳು ಹೋಗುವ ಸ್ಪೀಡಿನಲ್ಲಿ. ಹಿಂದಿನಿಂದ ಬಂದ ಹುಡುಗರು ಹಾರ್ನ್ ಹಾಕಿ ದಾಟಿ ಹೋಗುತ್ತಿದ್ದರಂತೆ. ಹಾಗೆಂದು ಇವರೇ ಹೇಳುತ್ತಿದ್ದರು. ನಾನು ಒಂದು ದಿನವೂ ಹಿಂದೆ ಕೂರಲಿಲ್ಲ. ಕರೆಯುತ್ತಿದ್ದರು, ಮೊದಮೊದಲು.

ಹನ್ನೊಂದು ಪಾಸಿಂಗ್, ಹನ್ನೊಂದೂ ಪಾಸ್.

ಈ ವರ್ಷ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರ ಕೈಯಿಂದ ಬ್ರಷ್ ಬಿತ್ತು. ಸ್ಟ್ರೋಕ್. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು, ಉಳಿದದ್ದು ಒಂದೇ ಒಂದು, "ಎಸ್." ಜೀವಮಾನವೆಲ್ಲ ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ, ತುಳು, ಹಿಂದಿ ಎಂದು ಬಾಯಿತುಂಬ ಹರಟಿದವರಿಗೆ ಕೊನೆಗೆ ಉಳಿದದ್ದು ಒಂದು ಇಂಗ್ಲಿಷ್ ಶಬ್ದ. ನೀರು ಬೇಕಾ? ಎಸ್. ಬೇಡವಾ? ಎಸ್. ನೋವಾಗ್ತದಾ? ಎಸ್. ಎಲ್ಲಿ? ಎಸ್. ನಾನು ಸ್ನಾನದ ಕೋಣೆಯಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತದ್ದುಂಟು.

ಫಿಸಿಯೋಥೆರಪಿಸ್ಟ್ ಹುಡುಗಿ ಹೇಳಿದಳು, "ಆಂಟಿ, ಅಂಕಲ್‌ಗೆ ಇಷ್ಟ ಇದ್ದ ವಸ್ತುಗಳನ್ನು ತೋರಿಸಿ, ಮುಟ್ಟಿಸಿ." ವೀಲ್‌ಚೇರಿನಲ್ಲಿ ಕೂರಿಸಿ ಸಂಜೆ ಕೆಳಗೆ ಕರೆದುಕೊಂಡು ಹೋದೆ. ಬೈಕಿನ ಬಟ್ಟೆ ತೆಗೆದೆ. ಬಲಕ್ಕೆ ವಾಲಿ ಕೂರುತ್ತಿದ್ದ ಮನುಷ್ಯ ನೆಟ್ಟಗೆ ಕೂತರು. ಎಡಗೈ ಎತ್ತಿ ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟರು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಅಷ್ಟೇ. ಮತ್ತೆ ದಿನವೂ ಸಂಜೆ ಹದಿನೈದು ನಿಮಿಷ ಹಾಗೆ. ದಿನದಲ್ಲಿ ಆ ಹದಿನೈದು ನಿಮಿಷ ಮಾತ್ರ ಇವರು ಇವರ ಹಾಗೆ ಕಾಣುತ್ತಿದ್ದರು.

ಪಾಸಿಂಗ್ ಹತ್ತಿರ ಬಂತು.

"ಮಮ್ಮಿ, ಬಿ ಪ್ರಾಕ್ಟಿಕಲ್," ಮಗಳು ಹೇಳಿದಳು. "ಡ್ಯಾಡಿ ಇಸ್ ನೆವರ್ ಗೋಯಿಂಗ್ ಟು ರೈಡ್ ಇಟ್. ಯು ಹೇಟೆಡ್ ದಟ್ ಬೈಕ್."

"ಪಾಸಾದರೆ ಇರ್ತದೆ, ಫೇಲಾದರೆ ಹೋಗ್ತದೆ. ಮಾತು ಹಾಗೆ ಆಗಿದ್ದು."

"ಯಾರ ಹತ್ತಿರ ಆಗಿದ್ದು? ಹೀ ಡಸಂಟ್ ಈವನ್ ರಿಮೆಂಬರ್."

ನೆನಪುಂಟೋ ಇಲ್ಲವೋ ಕೇಳಿ ತಿಳಿಯುವ ಹಾಗಿಲ್ಲವಲ್ಲ. ಕೇಳಿದರೆ ಎಸ್. ನನಗೆ ನೆನಪುಂಟು. ಹನ್ನೊಂದು ವರ್ಷ ಫೇಲಾಗಲಿ ಎಂದು ಬೇಡಿದವಳ ಕೈಯಲ್ಲೇ ಅದು ಫೇಲಾದರೆ, ಮಾತು ಬಾರದ ಗಂಡನ ಬೆನ್ನ ಹಿಂದೆ ನಾನೇ ಫೇಲ್ ಮಾಡಿಸಿದ ಹಾಗಲ್ಲವಾ? ಅಷ್ಟು ವರ್ಷ ಮುಚ್ಚಿದ ಬಾಯಿಗೆ ಈಗ ಹೊಸ ಜಪ ಬಂತು. ಪಾಸಾಗಲಿ, ಪಾಸಾಗಲಿ.

ಇವರು ಮಾಡುತ್ತಿದ್ದದ್ದೆಲ್ಲ ಮಾಡಿಸಿದೆ. ಹತ್ತಿರದ ಗ್ಯಾರೇಜಿನ ಮಲಯಾಳಿ ಮೆಕ್ಯಾನಿಕ್ಕನ್ನು ಕರೆಸಿ, ಮಂಚದ ಕೆಳಗಿನ ಮರ್ಯಾದೆಯ ಸಾಮಾನೆಲ್ಲ ಹಾಕಿಸಿ, ಹೊಸ ಬ್ಯಾಟರಿ, ಹೊಸ ಟಯರು. ನಾನೇ ಬಟ್ಟೆ ಹಿಡಿದು ಒರೆಸಿದೆ. ಒರೆಸುವಾಗ ಆ ಮೆಡಲ್ ಕೈಗೆ ಬಂತು. ಬಿಸಿಲಿಗೆ ಅಂಟು ಕರಗಿ ನೇತಾಡುತ್ತಿತ್ತು. ಇವರಿಗೆ ಹೀಗಾದ ವರ್ಷವೇ ಸಂತ ಜಾರಿದ್ದಾನೆ! ಇನ್ನೆಂದೂ ಬೀಳಬಾರದು ಎಂದು ಎರಡು ಟ್ಯೂಬಿನ ಗಟ್ಟಿ ಅಂಟು ತಂದೆ, ಲೋಹಕ್ಕೆ ಲೋಹ ಕಚ್ಚುವಂಥದ್ದು. ಪ್ಯಾಕೆಟಿನ ಹಿಂದೆ ಇಂಗ್ಲಿಷಿನಲ್ಲಿ ಬರೆದಿತ್ತು: ಎರಡೂ ಮೇಲ್ಮೈಗಳನ್ನು ಸ್ಯಾಂಡ್‌ಪೇಪರಿನಿಂದ ಚೆನ್ನಾಗಿ ಉಜ್ಜಿ ಒರಟು ಮಾಡಿ, ನಂತರ ಹಚ್ಚಿ. ಬರೆದದ್ದನ್ನು ಓದಿ, ಬರೆದ ಹಾಗೆ ಮಾಡು ಎಂದು ಕಲಿತವಳು ನಾನು. ಕನ್ನಡಕ ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು, ಮೆಡಲಿನ ಹಿಂಭಾಗ ಉಜ್ಜಿದೆ. ಬೈಕಿನ ಕತ್ತಿನ ಆ ಸಪಾಟು ಜಾಗ, ಕೊರೆದ ಅಕ್ಷರಗಳ ಮೇಲೆಯೇ, ಮೇಲಿನ ಬಣ್ಣ ಹೋಗಿ ಕಬ್ಬಿಣ ಹೊಳೆಯುವವರೆಗೆ ಉಜ್ಜಿದೆ. ಅಂಟಿಸಿ, ಒಂದು ನಮೋ ಮರಿಯಾ ಹೇಳುವಷ್ಟು ಹೊತ್ತು ಹೆಬ್ಬೆರಳಿನಿಂದ ಒತ್ತಿ ಹಿಡಿದೆ.

ಪಕ್ಕದ ವೀಲ್‌ಚೇರಿನಲ್ಲಿ ಇವರು ನೋಡುತ್ತಿದ್ದರು. "ಸರಿಯಾಯ್ತಲ್ಲಾ?" ಎಂದೆ. "ಎಸ್" ಎಂದರು. ಕಣ್ಣಿನಲ್ಲಿ ಏನೋ ಇತ್ತು. ಪೆದ್ದಿ ನಾನು, ಆಗ ನನಗೆ ಅದು ಸಂತೋಷ ಎಂದು ಕಂಡಿತು.

ಓಡಿಸುವವರು ಇಲ್ಲದ್ದಕ್ಕೆ ಬೈಕು ರಿಕವರಿ ಟ್ರಕ್ಕಿನ ಬೆನ್ನ ಮೇಲೆ ಹೋಯಿತು. ಡ್ರೈವರ್ ಒಬ್ಬ ಪಠಾಣ, ಮೆಹಂದಿ ಹಚ್ಚಿದ ಗಡ್ಡದವನು. ನನ್ನನ್ನು ಮುಂದಿನ ಸೀಟಿಗೆ ಹತ್ತಿಸಲು ಒಂದು ಪ್ಲಾಸ್ಟಿಕ್ ಕ್ರೇಟ್ ಇಟ್ಟ. "ಅಮ್ಮಾಜಿ, ರೇಸಿಗೆ ಹೋಗುವುದಾ?" ಎಂದ. "ಎಕ್ಸಾಮಿಗೆ" ಎಂದೆ.

ಸೆಂಟರಿನ ಇನ್‌ಸ್ಪೆಕ್ಟರ್ ಒಂದೊಂದೇ ನೋಡತೊಡಗಿದ. ಲೈಟು ಸರಿ. ಬ್ರೇಕು ಸರಿ ಕಾಣ್ತದೆ, ಕೊನೆಗೆ ಟೆಸ್ಟ್ ಲೈನಿನಲ್ಲಿ ಓಡಿಸಿ ನೋಡುವುದು ಎಂದ. ಟಯರಿನ ಹುಟ್ಟಿದ ತಾರೀಕು ನೋಡಿ ಇನ್‌ಸ್ಪೆಕ್ಟರ್ ತಲೆಯಾಡಿಸಿದ. ಉತ್ತರ ಪ್ರದೇಶದ ಕಡೆಯವನಿರಬೇಕು, ಮಾತು ಹಾಗಿತ್ತು. ಆಮೇಲೆ ಟಾರ್ಚು ಹಿಡಿದು ಹ್ಯಾಂಡಲಿನ ಕೆಳಗೆ ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ.

"ಮೇಡಂ, ಇದೇನು?"

"ಮೆಡಲ್. ಬ್ಲೆಸ್ಡ್."

"ಇದರ ಕೆಳಗೆ ಚಾಸಿಸ್ ನಂಬರ್ ಇದೆ."

ಬೈಕಿನ ಗುರುತು ಆ ನಂಬರು. ಕಾರ್ಡಿನಲ್ಲಿ ಇರುವುದೂ ಬೈಕಿನಲ್ಲಿ ಇರುವುದೂ ಒಂದೇ ಎಂದು ಪ್ರತಿ ವರ್ಷ ಓದಿ ನೋಡದೆ ಅವರು ಬಿಡುವುದಿಲ್ಲವಂತೆ. ನಾನು ಸಂತನನ್ನು ಅದರ ಮೇಲೆಯೇ ಕೂರಿಸಿದ್ದೆ. ಉಗುರಿನಿಂದ ಕೆರೆದ, ಬರಲಿಲ್ಲ. ಪಕ್ಕದ ವರ್ಕ್‌ಶಾಪಿನಿಂದ ಬಿಸಿಗಾಳಿಯ ಯಂತ್ರ ತಂದು ಊದಿ ಊದಿ ಕಡೆಗೂ ಮೆಡಲ್ ಕಿತ್ತ. ಕೆಳಗೆ ನಂಬರು ಇತ್ತು, ಸುತ್ತಲೂ ನಾನು ಉಜ್ಜಿದ ಗೀರುಗಳೊಂದಿಗೆ. ಅವನ ಮುಖ ಬದಲಾಯಿತು. ಮೇಡಂ ಎನ್ನುತ್ತಿದ್ದವನು ಹಿಂದೆ ಸರಿದು ನಿಂತ.

"ಇದನ್ನು ಉಜ್ಜಿದ್ದು ಯಾರು?"

"ನಾನೇ."

"ಯಾಕೆ?"

"ಬಿಕಾಸ್ ಇಟ್ ವಾಸ್ ರಿಟನ್ ಆನ್ ದ ಪ್ಯಾಕೆಟ್," ಎಂದೆ. ಬೇರೆ ಎಂತ ಹೇಳಲಿ? ನಿಜ ಅದೇ.

ಕದ್ದ ಬೈಕುಗಳ ನಂಬರು ಹೀಗೆ ಉಜ್ಜುತ್ತಾರಂತೆ. ಅವನಿಗೆ ಇದನ್ನು ಪಾಸ್ ಮಾಡುವ ಅಧಿಕಾರ ಇಲ್ಲ. ಅದೇ ಆವರಣದ ಇನ್ನೊಂದು ಆಫೀಸಿನಲ್ಲಿ ನಂಬರ್ ಪರೀಕ್ಷೆ ಮಾಡಿಸಬೇಕು, ಅದಕ್ಕೆ ಮಾಲೀಕ ಸ್ವತಃ ಬರಬೇಕು, ತಾನೇ ಹೇಳಿಕೆ ಕೊಡಬೇಕು.

"ಹಾಗಾದರೆ ಫೇಲಾ?" ಎಂದೆ.

"ಫೇಲ್ ಅಲ್ಲ. ಪಾಸೂ ಅಲ್ಲ. ಹೋಲ್ಡ್."

ಮನೆಗೆ ಬಂದು ಇವರ ಟೂಲ್ ಬಾಕ್ಸ್ ತೆರೆದೆ, ಯಾಕೆಂದರೆ ನನಗೊಂದು ಅರ್ಥವಾಗಿರಲಿಲ್ಲ. ಹನ್ನೊಂದು ವರ್ಷ ಆ ಮೆಡಲ್ ಅಲ್ಲೇ ಇತ್ತಲ್ಲ, ಹೇಗೆ ಪಾಸಾಯಿತು? ಸ್ಪಾನರುಗಳ ಕೆಳಗೆ ಎರಡೂ ಬದಿಗೆ ಅಂಟುವ ಟೇಪಿನ ಒಂದು ಸುರುಳಿ ಸಿಕ್ಕಿತು. ಅದರ ತುದಿಯಲ್ಲಿ ಗುಂಡಗೆ ಕತ್ತರಿಸಿದ ತೂತುಗಳು, ಒಂದರ ಪಕ್ಕ ಒಂದು, ಎಂಟಾಣೆಯಷ್ಟು ದೊಡ್ಡವು. ಪ್ರತಿ ಪಾಸಿಂಗಿಗೆ ಮೊದಲು ಮೆಡಲನ್ನು ಮೆಲ್ಲ ಕಿತ್ತಿಟ್ಟು, ಆದ ಮೇಲೆ ಹೊಸ ಟೇಪು ಕತ್ತರಿಸಿ ಅಲ್ಲೇ ಅಂಟಿಸುತ್ತಿದ್ದರು. ನನಗೆ ಬೇಜಾರಾಗಬಾರದು ಎಂದು, ಜಾಗ ತಪ್ಪು ಎಂದು ಒಂದು ದಿನವೂ ಹೇಳಲಿಲ್ಲ. ಈ ವರ್ಷ ಹೇಳಬೇಕೆಂದಿದ್ದರೂ ಬಾಯಲ್ಲಿ ಇದ್ದದ್ದು ಎಸ್ ಮಾತ್ರ.

ನಾನು ಆ ಟೇಪನ್ನು ಇದ್ದ ಜಾಗದಲ್ಲೇ ಇಟ್ಟು ಪೆಟ್ಟಿಗೆ ಮುಚ್ಚಿದೆ.

ಮುಲ್ಕಿಯಾದ ಕೊನೆಯ ದಿನವೇ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು. ಮಗಳು ರಜೆ ಹಾಕಿದಳು. ವೀಲ್‌ಚೇರ್ ಹತ್ತುವ ವ್ಯಾನು ಮುಂದೆ, ಪಠಾಣನ ಟ್ರಕ್ಕು ಹಿಂದೆ. ಇವರಿಗೆ ನೀಲಿ ಶರ್ಟು ಹಾಕಿ, ಶೇವ್ ಮಾಡಿಸಿ ಕೂರಿಸಿದ್ದೆ. ದಾರಿಯಲ್ಲಿ ಎಡಗೈ ಚಡಪಡಿಸುತ್ತಿತ್ತು, ಸೀಟ್‌ಬೆಲ್ಟ್ ಎಳೆಯುತ್ತಿತ್ತು. ಸಮಾಧಾನಕ್ಕೆ ಎಂದು ಬ್ಯಾಗಿನಿಂದ ಬೈಕಿನ ಕೀ ತೆಗೆದು ಅಂಗೈಯಲ್ಲಿಟ್ಟೆ. ಕೈ ಸುಮ್ಮನಾಯಿತು.

ನಂಬರ್ ಆಫೀಸಿನಲ್ಲಿದ್ದದ್ದು ಇಲ್ಲಿಯವನೇ ಆದ ಒಬ್ಬ ಅರಬ್ ಹುಡುಗ, ಇಸ್ತ್ರಿ ಮಾಡಿದ ಯೂನಿಫಾರ್ಮ್, ಒಳ್ಳೆಯ ನಡತೆ. ಹೊರಗೆ ಬಂದು ವೀಲ್‌ಚೇರಿನ ಎದುರು ಮಂಡಿಯೂರಿ ಕೂತ.

"ಬಾಬಾ, ಇದು ನಿಮ್ಮ ಬೈಕಾ?"

"ಎಸ್."

"ಈ ನಂಬರ್ ನೀವು ಉಜ್ಜಿದ್ದಾ?"

"ಎಸ್."

"ಆಫೀಸರ್, ಹಾಗಲ್ಲ..." ಎಂದೆ. ಮಗಳು ನನ್ನ ತೋಳು ಹಿಡಿದಳು.

"ಎಲ್ಲಿಂದಾದರೂ ಕದ್ದದ್ದಾ, ಬಾಬಾ?"

"ಎಸ್."

ನನಗೆ ತಡೆಯಲಿಲ್ಲ. "ಹೀ ಸೇಸ್ ಎಸ್ ಟು ಎವ್ರಿಥಿಂಗ್! ನೀವು ಈ ಬಿಲ್ಡಿಂಗ್ ಕದ್ದದ್ದಾ ಎಂದು ಕೇಳಿ, ಅದಕ್ಕೂ ಎಸ್ ಅಂತಾರೆ. ಉಜ್ಜಿದ್ದು ನಾನು. ಪ್ಯಾಕೆಟ್ ಓದಿದ್ದು ನಾನು."

ಆಫೀಸರ್ ನನ್ನ ಕಡೆ ನೋಡಿದ, ಇವರ ಕಡೆ ನೋಡಿದ. "ಇವರು ನಿಮ್ಮ ವೈಫಾ, ಬಾಬಾ?"

ಎಲ್ಲದಕ್ಕೂ ಎಸ್ ಎನ್ನುವವರು ಇದೊಂದಕ್ಕೆ ಸುಮ್ಮನೆ ಕೂತರು. ಆಫೀಸರಿಗೆ ನಗು ಬಂತು, ಮಗಳೂ ನಕ್ಕಳು. ನನಗೆ ಬರಲಿಲ್ಲ.

ಅವನು ನಂಬರಿಗೆ ಏನೋ ದ್ರವ ಸವರಿ, ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿದ. ಒಂದಕ್ಷರ ಆಚೀಚೆ ಆಗಿರಲಿಲ್ಲ. ಕಬ್ಬಿಣದಲ್ಲಿ ಆಳವಾಗಿ ಕೊರೆದದ್ದು, ನನ್ನ ಸ್ಯಾಂಡ್‌ಪೇಪರು ಏನು ಮಾಡೀತು. ಪೇಪರಿಗೆ ಸೀಲು ಒತ್ತಿ, "ಖಲಾಸ್ ಅಮ್ಮಾ, ಮುಗೀತು. ನಂಬರ್ ಕ್ಲೀನ್. ಇನ್ನು ಟೆಸ್ಟ್ ಲೈನಿಗೆ ಹೋಗಿ" ಎಂದ. ನಾನು ಅವನಿಗೆ ಎಷ್ಟು ಸಲ ಥ್ಯಾಂಕ್ಯೂ ಹೇಳಿದೆನೋ. ಇನ್ನು ಉಳಿದದ್ದು ಐದು ನಿಮಿಷದ ಕೆಲಸ. ಆ ಉತ್ತರ ಪ್ರದೇಶದ ಇನ್‌ಸ್ಪೆಕ್ಟರ್ ಬೈಕನ್ನು ಲೈನಿಗೆ ತಳ್ಳಿ ನಿಲ್ಲಿಸಿ ಕೈ ಚಾಚಿದ.

"ಕೀ ಕೊಡಿ."

ಕೀ ಇವರ ಮುಷ್ಟಿಯಲ್ಲಿತ್ತು.

"ಡ್ಯಾಡಿ, ಕೀ," ಎಂದಳು ಮಗಳು.

"ಎಸ್," ಎಂದರು. ಮುಷ್ಟಿ ಬಿಡಲಿಲ್ಲ.

"ಗಿವ್ ಇಟ್, ಡ್ಯಾಡಿ. ಫೈವ್ ಮಿನಿಟ್ಸ್. ವಾಪಸ್ ಕೊಡ್ತೇವೆ."

"ಎಸ್."

ಪಠಾಣ ಬಂದು ಬಗ್ಗಿ, "ಚಾಚಾ, ನಾನು ಹಿಡ್ಕೊಂಡಿರ್ತೇನೆ, ಯಾರಿಗೂ ಕೊಡುವುದಿಲ್ಲ" ಎಂದ. ಎಸ್. ಇನ್‌ಸ್ಪೆಕ್ಟರ್, "ಸ್ಪೇರ್ ಕೀ ಇಲ್ವಾ?" ಎಂದ. ಸೆಕೆಂಡ್‌ಹ್ಯಾಂಡ್ ಬೈಕು, ಆ ಇಂಜಿನಿಯರ್ ಕೊಟ್ಟದ್ದೇ ಒಂದು ಕೀ. ಹಿಂದೆ ನಾಲ್ಕು ಡೆಲಿವರಿ ಬೈಕಿನವರು ಕ್ಯೂನಲ್ಲಿ ನಿಂತು ಹಾರ್ನ್ ಹಾಕಲು ಶುರು ಮಾಡಿದರು. ಮಗಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. ಇಡೀ ಮೈಯಲ್ಲಿ ಬಲ ಉಳಿದದ್ದು ಆ ಎಡಗೈಗೆ ಮಾತ್ರ. ಅದಷ್ಟೂ ಬಲ ಅಲ್ಲಿ ಕೂತಿತ್ತು. ಗೆಣ್ಣುಗಳು ಬೆಳ್ಳಗಾಗಿದ್ದವು. ಕೀಯ ಹಲ್ಲು ಅಂಗೈಗೆ ಒತ್ತುತ್ತಿರಬೇಕು.

"ಬಿಡು, ನೋವಾಗ್ತದೆ," ಎಂದೆ ಮಗಳಿಗೆ.

ನಾನು ಎದುರಿಗೆ ಬಂದು ನಿಂತೆ. ಕಿವಿಯ ಹತ್ತಿರ ಬಗ್ಗಿ ಕೇಳಿದೆ, ನಮ್ಮ ಭಾಷೆಯಲ್ಲೇ. "ಮಾರಿಬಿಡುವುದಾ?" ಎಸ್. "ಇಟ್ಟುಕೊಳ್ಳುವುದಾ?" ಎಸ್. "ಹಾಗಾದರೆ ಕೀ ಕೊಡಿ. ಕೊಡದಿದ್ದರೆ ಪಾಸಾಗುವುದು ಹೇಗೆ?" ಇವರು ನನ್ನನ್ನೇ ನೋಡಿದರು. ಈ ಮನುಷ್ಯನನ್ನು ಒಪ್ಪಿಸುವ ನನ್ನ ಉಪಾಯಗಳೆಲ್ಲ ಮಾತಿನವು. ಜಗಳವೂ ಮಾತಿನದ್ದು, ಮೌನವೂ ಮಾತು ಬಿಟ್ಟದ್ದು. ಇಲ್ಲಿ ಒಂದೂ ನಡೆಯಲಿಲ್ಲ.

ಇನ್‌ಸ್ಪೆಕ್ಟರ್ ಗಡಿಯಾರ ನೋಡಿದ. "ಮೇಡಂ, ಲೈನ್ ಬ್ಲಾಕ್ ಆಗಿದೆ. ಐ ಆ್ಯಮ್ ಸಾರಿ." ಯಂತ್ರದಲ್ಲಿ ಏನೋ ಒತ್ತಿದ. ಒಂದು ಚೀಟಿ ಬ್‍ರ್ರ್ ಎಂದು ಹೊರಗೆ ಬಂತು. ನಾನು ಕನ್ನಡಕ ಸರಿಮಾಡಿಕೊಂಡು ಓದಿದೆ. ಮತ್ತೊಮ್ಮೆ ಓದಿದೆ.

"ನಾಟ್ ಟೆಸ್ಟೆಡ್ ಎಂದುಂಟು. ಫೇಲ್ ಎಂದಿಲ್ಲ."

"ಮಮ್ಮಿ," ಮಗಳ ದನಿ ಸೋತಿತ್ತು, "ಇಟ್ ಮೀನ್ಸ್ ನಥಿಂಗ್. ಇವತ್ತಿಗೆ ಮುಲ್ಕಿಯಾ ಮುಗೀತು."

"ಆದರೆ ಫೇಲಾಗಲಿಲ್ಲ."

ಅವಳು ವ್ಯಾನಿನ ಬಾಗಿಲು ತೆರೆದಳು.

ಮನೆಗೆ ಬಂದು ಊಟ ಮಾಡಿಸಿ ಮಲಗಿಸಿದ ಮೇಲೆ, ನಿದ್ದೆಯಲ್ಲಿ ಮುಷ್ಟಿ ತಾನಾಗಿಯೇ ಸಡಿಲವಾಯಿತು. ಕೀ ಹಾಸಿಗೆಯ ಮೇಲೆ ಬಿತ್ತು. ಅಂಗೈಯಲ್ಲಿ ಅದರ ಅಚ್ಚು ಕೆಂಪಗೆ ಮೂಡಿತ್ತು. ಮಗಳು ಬಾಗಿಲಲ್ಲಿ ನಿಂತು ಸನ್ನೆ ಮಾಡಿದಳು, ತಗೋ ಈಗ. ಎತ್ತಿಕೊಂಡೆ. ಗುರುವಾರಕ್ಕೆ ಇನ್ನೊಂದು ಅಪಾಯಿಂಟ್‌ಮೆಂಟ್ ಇದೆ ಎಂದು ಅವಳು ಆಗಲೇ ಫೋನಿನಲ್ಲಿ ನೋಡಿಟ್ಟಿದ್ದಳು. ಟ್ರಕ್ಕಿನವನಿಗೆ ಹೇಳಿದರಾಯಿತು, ನಾನೊಬ್ಬಳೇ ಹೋಗಿ ಬಂದರಾಯಿತು, ಪಾಸಾಗುವುದರಲ್ಲಿ ಸಂಶಯವೇ ಇಲ್ಲ. ಕೀಯನ್ನು ಅಲ್ಮೆರಾದಲ್ಲಿ ನನ್ನ ಮಡಿಸಿದ ಸೀರೆಗಳ ಅಡಿಯಲ್ಲಿ ಇಟ್ಟೆ.

ನಾಲ್ಕು ಗಂಟೆಗೆ ಇವರಿಗೆ ಎಚ್ಚರವಾಯಿತು. ಎಡಗೈ ಚಾದರದ ಮೇಲೆ ಹುಡುಕಲು ತೊಡಗಿತು. ದಿಂಬಿನ ಕೆಳಗೆ, ಎದೆಯ ಮೇಲೆ, ಅಂಗಿಯ ಜೇಬಿನಲ್ಲಿ. ಸದ್ದಿಲ್ಲ, ಕೋಪವಿಲ್ಲ. ನಾನು ಚಹಾ ಹಿಡಿದುಕೊಂಡು ನಿಂತು ನೋಡಿದೆ. ಐದು ನಿಮಿಷ ನೋಡಿದೆ, ಹತ್ತು ನಿಮಿಷ ನೋಡಿದೆ. ಈಗ ಬಿಡ್ತಾರೆ, ಈಗ ಮರೆಯುತ್ತಾರೆ ಎಂದು. ಕೈ ಮಂಚದ ಅಂಚಿನವರೆಗೆ ಹೋಗಿ, ಅಂಚು ತಡವಿ, ಮತ್ತೆ ಮೊದಲಿನಿಂದ ಶುರು ಮಾಡಿತು.

ಚಹಾ ಕೆಳಗಿಟ್ಟು ಅಲ್ಮೆರಾ ತೆರೆದೆ.

ಗುರುವಾರ ಹೋಯಿತು. ಅದರ ನಂತರದ್ದೂ ಹೋಯಿತು. ಮುಲ್ಕಿಯಾ ಇಲ್ಲದ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿದರೆ ಮುನ್ಸಿಪಾಲಿಟಿಯವರು ಒಂದು ದಿನ ಬಂದು ಎತ್ತಿಕೊಂಡು ಹೋಗುತ್ತಾರೆ ಎಂದು ಮಗಳು ದಿನಕ್ಕೊಮ್ಮೆ ನೆನಪು ಮಾಡುತ್ತಾಳೆ. ಗೊತ್ತು ನನಗೆ. ಕೀ ಇಲ್ಲದೆ ಟೆಸ್ಟ್ ಇಲ್ಲ, ಟೆಸ್ಟ್ ಇಲ್ಲದೆ ಮುಲ್ಕಿಯಾ ಇಲ್ಲ. ಇವರ ಕೈಯಿಂದ ಮತ್ತೆ ಕೀ ತೆಗೆಯಲು ನನ್ನಿಂದಾಗುವುದಿಲ್ಲ. ಸಂಜೆಯಾದರೆ ಇವರನ್ನು ಕೆಳಗೆ ಕರೆದುಕೊಂಡು ಹೋಗುತ್ತೇನೆ. ಲಿಫ್ಟಿನ ಬಾಗಿಲು ತೆರೆಯುವಾಗ ಪ್ರತಿ ಸಲ ಮೊದಲು ನಾನೇ ಕತ್ತು ಚಾಚಿ ನೋಡುವುದು, ಅದು ಇನ್ನೂ ಅಲ್ಲೇ ಉಂಟಾ ಎಂದು.